ಅವನ ಮುಖ ಚಿಕ್ಕದಾಗಬಾರದು ಕಣಣ್ಣೋ!

ಬ್ಯಾನರು ಕಂಡ ತಕ್ಷಣ ನೀವು ಮೊದಲು ನೋಡೋದು ಏನನ್ನ? ನಿಮ್ಮ ಹೀರೋ ಮುಖ. ಆಮೇಲೆ? ಪಕ್ಕದಲ್ಲಿರೋ ಮುಖ ನಿಮ್ಮ ಹೀರೋ ಮುಖಕ್ಕಿಂತ ದೊಡ್ಡದಾಗಿದೆಯೋ ಏನೋ ಅಂತ! ಇಲ್ಲ ಅನ್ನಬೇಡಿ ಮಿತ್ರರೇ. ಮದ್ದೂರಿನಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ 20 ವರ್ಷದಿಂದ ಡಿಸೈನ್ ಅಂಗಡಿ ಇಟ್ಟುಕೊಂಡು ಕೂತಿರೋನು ನಾನು. ಕಟ್ಟಿದ ಬ್ಯಾನರಿಗೆ ಏಣಿ ಹಾಕಿ, ಟೇಪು ಹಿಡಿದು, ಇಬ್ಬರು ಹೀರೋಗಳ ಮೂಗಿನ ಉದ್ದ ಅಳೆದ ಮಹಾನುಭಾವರನ್ನ ಕಣ್ಣಾರೆ ಕಂಡಿದ್ದೇನೆ.

ಆದರೆ ಇವತ್ತು ಹೇಳಹೊರಟಿರೋದು ಹೀರೋಗಳ ಮುಖದ ಕಥೆ ಅಲ್ಲ. ಬ್ಯಾನರಿನ ಕೆಳಗಡೆ ಸಾಲಾಗಿ ಇರ್ತಾವಲ್ಲ ಪುಟ್ಟ ಪುಟ್ಟ ಮುಖಗಳು.... 'ಶುಭಕೋರುವವರು' ಅಂತ.... ನಿಮ್ಮವು, ನಿಮ್ಮ ಗೆಳೆಯರವು! ಆ ಮುಖಗಳ ಕಥೆ.

2022ರ ಮಾರ್ಚ್ ತಿಂಗಳು. ಅಪ್ಪು ಹೋಗಿ ಇನ್ನೂ ಐದು ತಿಂಗಳು ತುಂಬಿರಲಿಲ್ಲ. 17ನೇ ತಾರೀಖು ಅವರ ಹುಟ್ಟುಹಬ್ಬ. ಅವತ್ತೇ 'ಜೇಮ್ಸ್' ಬಿಡುಗಡೆ. ಆ ವಾರ ನಾನು ಮನೆಗೆ ಹೋಗಿದ್ದು ಸ್ನಾನಕ್ಕೆ ಮಾತ್ರ ಅಂದರೆ ನಂಬಿ. ಹಳ್ಳಿಗೊಂದು ಬಳಗ, ಬೀದಿಗೊಂದು ಸಂಘ. ಎಲ್ಲರಿಗೂ ಬ್ಯಾನರು ಬೇಕು, ಎಲ್ಲರಿಗೂ ನಾಳೆಯೇ ಬೇಕು!

14ನೇ ತಾರೀಖು ರಾತ್ರಿ ಒಂಬತ್ತೂವರೆ ಆಗಿತ್ತು. ಶಟರು ಅರ್ಧ ಎಳೆದಿದ್ದೆ. ನಾಲ್ಕು ಹುಡುಗರು ಬಗ್ಗಿಕೊಂಡು ಒಳಗೆ ಬಂದರು. ಒಬ್ಬ ತೆಂಗಿನ ಮರದಂತೆ ಉದ್ದ. ಒಬ್ಬ ರಾತ್ರಿ ಹೊತ್ತಲ್ಲೂ ತಂಪು ಕನ್ನಡಕ ಹಣೆ ಮೇಲೆ ಏರಿಸಿಕೊಂಡಿದ್ದ. ಇನ್ನಿಬ್ಬರು ಅಣ್ಣತಮ್ಮಂದಿರ ಹಾಗೆ ಕಂಡರು.

"ಅಣ್ಣೋ, ಒಂದು ಬ್ಯಾನರು. 10 ಅಡಿ ಅಗಲ, 6 ಅಡಿ ಎತ್ತರ. ಮೇಲ್ಗಡೆ ಅಪ್ಪು ಸಾರ್. ಕೆಳಗಡೆ ನಾವು ಐದು ಜನ."

"ನಾಲ್ಕೇ ಜನ ಕಾಣ್ತೀರಲ್ರಪ್ಪಾ?"

ಯಾರೂ ಮಾತಾಡಲಿಲ್ಲ. ಆ ಉದ್ದನೆ ಹುಡುಗ ಫೋನು ತೆಗೆದು ಮುಂದೆ ಹಿಡಿದ. ಊರ ಹಬ್ಬದಲ್ಲಿ ತೆಗೆದ ಗುಂಪು ಫೋಟೋ. ಇಪ್ಪತ್ತು ಮೂವತ್ತು ಜನ. ಹಿಂದಿನ ಸಾಲಿನ ತುದಿಯಲ್ಲಿ ಒಬ್ಬ ಹುಡುಗ ಕತ್ತು ಎತ್ತಿ ನಗುತ್ತಿದ್ದ. ತಲೆ ಎಷ್ಟಿತ್ತು ಅಂತೀರಿ? ಫೋನಿನ ಪರದೆ ಮೇಲೆ ಒಂದು ಕಡಲೆಕಾಳಿನಷ್ಟು!

"ಇವನೇ ಐದನೇವ್ನು. ಹೋದ ವರ್ಷ ಮೇ ತಿಂಗಳಲ್ಲಿ ಹೋಗ್ಬುಟ್ಟ. ಕೊರೋನಾ.... ಜೇಮ್ಸ್ ಫಸ್ಟ್ ಶೋ ಐದೂ ಜನ ಒಂದೇ ಸಾಲಲ್ಲಿ ಕೂತು ನೋಡೋದು ಅಂತ ಮಾತಾಗಿತ್ತು ಕಣಣ್ಣ."

"ಬೇರೆ ಫೋಟೋ ಇಲ್ವಾ?"

"ಅವನ ಫೋನು ಎತ್ಲಾಗೋ ಕಳೆದೋಯ್ತು. ಆಧಾರ್ ಕಾರ್ಡಿಂದು ಅದೆ.... ಅದ್ರಲ್ಲಿ ಅವನು ಅವನ ಥರಾನೇ ಇಲ್ಲ."

ಆಧಾರ್ ಕಾರ್ಡಿನಲ್ಲಿ ಯಾರು ತಾನೇ ಅವರ ಥರ ಇರ್ತಾರೆ ಹೇಳಿ! ಅಷ್ಟು ದುಃಖದಲ್ಲೂ ಐದು ಜನವೂ ನಕ್ಕೆವು. ಆಮೇಲೆ ಆ ಉದ್ದನೆ ಹುಡುಗ ಕೌಂಟರಿನ ಮೇಲೆ ಕೈಯೂರಿ ಹೇಳಿದ:

"ಒಂದೇ ಮಾತಣ್ಣ. ನಮ್ಮ ನಾಲ್ಕು ಜನದ್ದು ಎಷ್ಟಿರ್ತದೋ ಅವನದೂ ಅಷ್ಟೇ ಇರ್ಬೇಕು. ಅವನ ಮುಖ ಚಿಕ್ಕದಾಗಬಾರದು."

ಆಗಲಿ ಅಂದುಬಿಟ್ಟೆ. ಕೇಳೋಕೆ ಎಷ್ಟು ಸುಲಭ, ಅಲ್ಲವೇ? ಐದು ಫೋಟೋ, ಒಂದೇ ಅಳತೆ. ಕಂಪ್ಯೂಟರಿಗೆ ಹೇಳಿದರೆ ಕಣ್ಣುಮುಚ್ಚಿ ತೆಗೆಯೋದರೊಳಗೆ ಮಾಡಿಬಿಡುತ್ತೆ ಅಂದುಕೊಂಡಿರ್ತೀರಿ. ಸ್ವಲ್ಪ ತಾಳಿ.

ಮೇಸ್ತ್ರಿಯ ಚೌಕದ ಲೆಕ್ಕ

ನಾನು ಈ ಕಸುಬಿಗೆ ಬಂದದ್ದು ಬಣ್ಣದ ಡಬ್ಬಿ ಹಿಡಿದು. 1988ರಲ್ಲಿ ಹೈಸ್ಕೂಲಿಗೆ ನಮಸ್ಕಾರ ಹೇಳಿ ಬೆಂಗಳೂರಿಗೆ ಓಡಿಹೋದೆ. ಗಾಂಧಿನಗರದ ಸಂದಿಯೊಂದರಲ್ಲಿ ಸಿನಿಮಾ ಬ್ಯಾನರು ಬರೆಯೋ ಶೆಡ್ಡು. ನನ್ನ ಕೆಲಸ ಕುಂಚ ತೊಳೆಯೋದು, ಟೀ ತರೋದು, ದಾರ ಹಿಡಿಯೋದು. ದಾರ ಅಂದರೆ ಚೌಕ ಎಳೆಯೋ ದಾರ. ಸೀಮೆಸುಣ್ಣದ ಪುಡಿ ಮೆತ್ತಿ, ಬಟ್ಟೆಯ ಮೇಲೆ ಬಿಗಿಯಾಗಿ ಹಿಡಿದು, ಟಣ್ ಅಂತ ಮೀಟಿದರೆ ಗೆರೆ ಬೀಳುತ್ತೆ.

ಹೀರೋ ಸ್ಟಿಲ್ ಫೋಟೋ ಮೇಲೆ ಮೇಸ್ತ್ರಿ ಪೆನ್ಸಿಲ್ಲಿನಲ್ಲಿ ಅರ್ಧ ಇಂಚಿಗೊಂದು ಗೆರೆ ಹಾಕೋರು. ಬಟ್ಟೆಯ ಮೇಲೆ 1 ಅಡಿಗೊಂದು ಗೆರೆ. ಫೋಟೋದ ಒಂದು ಚೌಕದಲ್ಲಿ ಏನಿದೆಯೋ ಅದನ್ನ ಬಟ್ಟೆಯ ಒಂದು ಚೌಕದಲ್ಲಿ ಬರೆದರೆ ಮುಗೀತು, ಚಿತ್ರ 24 ಪಟ್ಟು ದೊಡ್ಡದಾಯ್ತು! ಈಗಿನ ಹುಡುಗರು ಮೌಸ್ ಎಳೆದು ಮಾಡೋ ಕೆಲಸವನ್ನ ಅವರು ದಾರ ಎಳೆದು ಮಾಡೋರು.

ಒಬ್ಬ ಹೀರೋ ಇದ್ದರೆ ಸರಿ. ಇಬ್ಬರಿದ್ದರೆ? ಒಬ್ಬರ ಸ್ಟಿಲ್ಲಿನಲ್ಲಿ ಮುಖ ಅಂಗೈ ಅಗಲ ಇರುತ್ತೆ, ಇನ್ನೊಬ್ಬರದರಲ್ಲಿ ನಾಲ್ಕಾಣೆ ಬಿಲ್ಲೆಯಷ್ಟು. ಎರಡಕ್ಕೂ ಅರ್ಧ ಇಂಚಿನ ಚೌಕ ಹಾಕಿದರೆ ಬ್ಯಾನರಿನಲ್ಲಿ ಒಬ್ಬ ರಾಕ್ಷಸ, ಇನ್ನೊಬ್ಬ ಗೊಂಬೆ! ಅದಕ್ಕೆ ಮೇಸ್ತ್ರಿ ಏನು ಮಾಡೋರು ಗೊತ್ತಾ? ಚಿಕ್ಕ ಮುಖಕ್ಕೆ ಚಿಕ್ಕ ಚೌಕ, ದೊಡ್ಡ ಮುಖಕ್ಕೆ ದೊಡ್ಡ ಚೌಕ. ಹಣೆಯಿಂದ ಗದ್ದದವರೆಗೆ ಆರು ಚೌಕ ಅಂದರೆ ಇಬ್ಬರಿಗೂ ಆರೇ. ಫೋಟೋ ಕಾಗದ ಎಷ್ಟು ಉದ್ದ, ಎಷ್ಟು ಅಗಲ ಅಂತ ಅವರು ತಿರುಗಿಯೂ ನೋಡ್ತಿರಲಿಲ್ಲ. "ಕಾಗದ ಅಳೀಬೇಡ ಮಗಾ, ಮುಖ ಅಳಿ" ಅನ್ನೋರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸಿನಿಮಾ ತೆಗೆಯೋರಿಗೂ ಇದೇ ತಲೆನೋವಿತ್ತು. 1977ರ 'ಬಬ್ರುವಾಹನ'ದಲ್ಲಿ ಅಣ್ಣಾವ್ರು ಅರ್ಜುನನೂ ಹೌದು, ಬಬ್ರುವಾಹನನೂ ಹೌದು. ಮರುವರ್ಷ 'ಶಂಕರ್ ಗುರು'ವಿನಲ್ಲಿ ಮೂರು ಪಾತ್ರ! ಕಂಪ್ಯೂಟರಿನ ಗಂಧಗಾಳಿ ಇಲ್ಲದ ಆ ಕಾಲದಲ್ಲಿ ದ್ವಿಪಾತ್ರ ತೆಗೆಯೋ ರೂಢಿಯ ಉಪಾಯ ಏನು ಗೊತ್ತೇ? ಮಸೂರದ ಅರ್ಧ ಭಾಗ ಮುಚ್ಚಿ ಒಮ್ಮೆ ಶೂಟ್ ಮಾಡೋದು. ರೀಲನ್ನ ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಅದೇ ಫಿಲ್ಮಿನ ಮೇಲೆ ಮತ್ತೊಮ್ಮೆ ಶೂಟ್ ಮಾಡೋದು. ಕ್ಯಾಮೆರಾ ಒಂದು ಕೂದಲಿನಷ್ಟು ಅಲುಗುವ ಹಾಗಿಲ್ಲ. ನಟ ಎರಡನೇ ಸಲ ಒಂದು ಹೆಜ್ಜೆ ಮುಂದೆ ಬಂದು ನಿಂತರೆ? ಒಬ್ಬನ ತಲೆ ದೊಡ್ಡದು, ಇನ್ನೊಬ್ಬನದು ಚಿಕ್ಕದು. ಅಳತೆ ತಪ್ಪಿದರೆ ಕಣ್ಣು ಕ್ಷಮಿಸೋದಿಲ್ಲ ಸ್ವಾಮಿ!

ಹಾಲಿವುಡ್ಡಿನವರ ಜಗಳ ಕೇಳಿದರೆ ನಗ್ತೀರಿ. 1974ರಲ್ಲಿ 'ದಿ ಟವರಿಂಗ್ ಇನ್‌ಫರ್ನೋ' ಅಂತ ಒಂದು ಚಿತ್ರ ಬಂತು. ಸ್ಟೀವ್ ಮೆಕ್ವೀನ್, ಪಾಲ್ ನ್ಯೂಮನ್ ಇಬ್ಬರೂ ಇದ್ದರು. ಇಬ್ಬರೂ ಸರಿಸಮ ತಾರೆಗಳು. ಯಾರ ಹೆಸರು ಮೊದಲು? ಕೊನೆಗೆ ಮೆಕ್ವೀನ್ ಹೆಸರನ್ನ ಎಡಗಡೆ ಸ್ವಲ್ಪ ಕೆಳಗೆ ಹಾಕಿದರು, ನ್ಯೂಮನ್ ಹೆಸರನ್ನ ಬಲಗಡೆ ಸ್ವಲ್ಪ ಮೇಲೆ. ಎಡದಿಂದ ಓದಿದರೆ ಅವನು ಮೊದಲು, ಮೇಲಿಂದ ಓದಿದರೆ ಇವನು ಮೊದಲು! ಮದ್ದೂರಿನ ನಮ್ಮ ಹುಡುಗರೇ ವಾಸಿ, ಟೇಪು ತಂದು ಅಳೆದು ಸುಮ್ಮನಾಗ್ತಾರೆ.

ಕಂಪ್ಯೂಟರಿನ ಕಿತಾಪತಿ

2000ದ ಆಚೀಚೆಗೆ ಫ್ಲೆಕ್ಸ್ ಬಂತು, ಕುಂಚ ಒಣಗಿತು. ಶೆಡ್ಡು ಮುಚ್ಚಿತು. ಮೇಸ್ತ್ರಿ ಊರಿಗೆ ಹೋದರು. ನಾನು ಫೋಟೋಶಾಪ್ 7.0 ಕಲಿತೆ. ಅಂದ ಹಾಗೆ, ಈ ಫೋಟೋಶಾಪಿಗೂ ಸಿನಿಮಾಕ್ಕೂ ನೆಂಟಸ್ತಿಕೆ ಇದೆ. ಅದನ್ನ ಹುಟ್ಟಿಸಿದ ಥಾಮಸ್ ನೋಲ್, ಜಾನ್ ನೋಲ್ ಅಣ್ಣತಮ್ಮಂದಿರಲ್ಲಿ ಜಾನ್ ಕೆಲಸಕ್ಕಿದ್ದದ್ದು 'ಸ್ಟಾರ್ ವಾರ್ಸ್' ಖ್ಯಾತಿಯ ಜಾರ್ಜ್ ಲೂಕಾಸ್ ಕಟ್ಟಿದ ಟ್ರಿಕ್ ಫೋಟೋಗ್ರಫಿ ಕಂಪನಿಯಲ್ಲಿ. 1990ರಲ್ಲಿ ಮೊದಲ ಫೋಟೋಶಾಪ್ ಮಾರಾಟಕ್ಕೆ ಬಂತು. ಆದರೆ ಅದರಲ್ಲಿ ಲೇಯರ್ ಇರಲಿಲ್ಲ! ಲೇಯರ್ ಬಂದದ್ದು 1994ರ 3.0ರಲ್ಲಿ.

ಲೇಯರ್ ಅಂದರೆ ಗಾಜಿನ ಹಾಳೆ ಅಂದುಕೊಳ್ಳಿ. ಒಂದರ ಮೇಲೊಂದು ಐದು ಗಾಜು. ಒಂದೊಂದರ ಮೇಲೂ ಒಂದೊಂದು ಮುಖ. ಯಾವ ಗಾಜನ್ನಾದರೂ ಸರಿಸಬಹುದು, ಹಿಗ್ಗಿಸಬಹುದು, ಕುಗ್ಗಿಸಬಹುದು, ಬೇರೆಯದಕ್ಕೆ ಧಕ್ಕೆ ಇಲ್ಲ.

ನಿಮ್ಮಲ್ಲಿ ಎಷ್ಟೋ ಜನ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ನಿಮ್ಮ ಹೀರೋಗೆ ಪೋಸ್ಟರು ಮಾಡ್ತೀರಿ, ನನಗೆ ಗೊತ್ತು. ಐದು ಫೋಟೋ ಒಂದೇ ಅಳತೆಗೆ ತರಬೇಕು ಅಂದಾಗ ಮೊದಲು ಏನು ಮಾಡ್ತೀರಿ? ಐದೂ ಲೇಯರನ್ನ ಒಟ್ಟಿಗೆ ಆರಿಸಿಕೊಂಡು ಕಂಟ್ರೋಲ್-ಟಿ ಒತ್ತಿ ಎಳೀತೀರಿ. ಅಲ್ಲೇ ಎಡವಟ್ಟು! ಹಾಗೆ ಎಳೆದರೆ ಐದೂ ಸೇರಿ ಒಂದೇ ಮೂಟೆ. ಅರ್ಧಕ್ಕೆ ಇಳಿಸಿದರೆ ಎಲ್ಲವೂ ಅರ್ಧ. ದೊಡ್ಡವನು ದೊಡ್ಡವನಾಗೇ ಕುಗ್ಗುತ್ತಾನೆ, ಚಿಕ್ಕವನು ಚಿಕ್ಕವನಾಗೇ ಕುಗ್ಗುತ್ತಾನೆ. ಅವರವರ ಅಂತರ ಹಾಗೇ ಉಳಿಯುತ್ತೆ. ಒಂದೊಂದನ್ನೂ ಬೇರೆ ಬೇರೆ ಕೂರಿಸಿಯೇ ಅಳತೆಗೆ ತರಬೇಕು, ಬೇರೆ ದಾರಿ ಇಲ್ಲ.

ಇನ್ನು ಕೆಲವರು ಜಾಣರು. ಮೇಲ್ಗಡೆ ಅಗಲ, ಎತ್ತರದ ಮನೆಯಲ್ಲಿ ಎಲ್ಲದಕ್ಕೂ ಒಂದೇ ಅಂಕಿ ಬರೆದುಬಿಡ್ತಾರೆ. ನಡುವಿನ ಸರಪಳಿ ಗುರುತು ಬಿಚ್ಚಿದ್ದರೆ ಒಬ್ಬನ ಮುಖ ಸೌತೆಕಾಯಿ, ಇನ್ನೊಬ್ಬನದು ಕುಂಬಳಕಾಯಿ. ಸರಪಳಿ ಹಾಕಿದ್ದರೂ ಪೂರ್ತಿ ಬಚಾವ್ ಅಲ್ಲ. ಫೋಟೋ ಕತ್ತರಿಸಿ ಹಿನ್ನೆಲೆ ತೆಗೆದ ಮೇಲೆ ಲೇಯರಿನ ಚೌಕಟ್ಟು ಹಿಡಿಯೋದು ಉಳಿದ ಚಿತ್ರದ ಅಂಚನ್ನ. ಒಬ್ಬ ಕೈ ಮೇಲೆತ್ತಿ ಎರಡು ಬೆರಳು ತೋರಿಸ್ತಾ ನಿಂತಿದ್ದಾನೆ ಅನ್ನಿ, ಆ ಬೆರಳಿನ ತುದಿಯೂ ಎತ್ತರಕ್ಕೆ ಸೇರಿಹೋಗುತ್ತೆ. ಚೌಕಟ್ಟು ಸಮ ಆಯ್ತು, ಮುಖ ಮಾತ್ರ ಪಕ್ಕದವನ ಅರ್ಧ! ಮೇಸ್ತ್ರಿ ಹೇಳಿದ್ದೂ ಇದೇ ತಾನೇ?

ಶಿಫ್ಟ್ ಕೀಲಿಯ ಕಥೆ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಹಿಂದೆಲ್ಲಾ ಮೂಲೆ ಹಿಡಿದು ಎಳೆಯುವಾಗ ಶಿಫ್ಟ್ ಒತ್ತಿದ್ದರೆ ಮಾತ್ರ ಅಗಲ-ಎತ್ತರದ ಹೊಂದಿಕೆ ಉಳೀತಿತ್ತು. 2018ರ ಕೊನೆಗೆ ಬಂದ ಆವೃತ್ತಿಯಲ್ಲಿ ಅದನ್ನ ತಲೆಕೆಳಗು ಮಾಡಿಬಿಟ್ಟರು. ಈಗ ಸುಮ್ಮನೆ ಎಳೆದರೆ ಹೊಂದಿಕೆ ಉಳಿಯುತ್ತೆ, ಶಿಫ್ಟ್ ಒತ್ತಿದರೆ ಕೆಡುತ್ತೆ! ಹದಿನೈದು ವರ್ಷ ಶಿಫ್ಟ್ ಒತ್ತಿದ ಬೆರಳು ಕೇಳುತ್ತಾ? ಹೊಸ ಆವೃತ್ತಿ ಹಾಕಿದ ವಾರ ಒಂದು ಮದುವೆ ಬ್ಯಾನರಿನಲ್ಲಿ ವರನ ಮುಖ ಎರಡು ಇಂಚು ಅಗಲವಾಗಿ ಪ್ರಿಂಟ್ ಆಗಿಹೋಯ್ತು. ಹೆಣ್ಣಿನ ಕಡೆಯವರು "ಗಂಡು ಫೋಟೋದಲ್ಲಿ ಇನ್ನೂ ಪುಷ್ಟಿಯಾಗಿ ಕಾಣ್ತಾರೆ" ಅಂತ ಸಂತೋಷಪಟ್ಟರಂತೆ. ನಾನು ಬಾಯಿ ಬಿಡಲಿಲ್ಲ!

ಹಾಗಾದರೆ ಸರಿಯಾದ ದಾರಿ ಯಾವುದು? ಕಂಟ್ರೋಲ್-ಆರ್ ಒತ್ತಿದರೆ ಅಂಚಿನಲ್ಲಿ ಅಳತೆಪಟ್ಟಿ ಬರುತ್ತೆ. ಅಲ್ಲಿಂದ ಎರಡು ಅಡ್ಡ ಗೈಡ್ ಗೆರೆ ಎಳೆದುಕೊಳ್ಳಿ. ಒಂದು ಕಣ್ಣಿನ ಸಾಲಿಗೆ, ಇನ್ನೊಂದು ಗದ್ದದ ತುದಿಗೆ. ಕೂದಲನ್ನ ಲೆಕ್ಕಕ್ಕೆ ತಗೋಬೇಡಿ. ಒಬ್ಬನದು ಗುಂಗುರು, ಒಬ್ಬನದು ಬೋಳು, ಒಬ್ಬ ಟೋಪಿ ಹಾಕಿರ್ತಾನೆ. ಕಣ್ಣು-ಗದ್ದದ ನಡುವಿನ ಅಂತರ ಮೋಸ ಮಾಡೋದಿಲ್ಲ. ಒಂದೊಂದು ಮುಖದಲ್ಲೂ ಆ ಅಂತರ ಎಷ್ಟು ಪಿಕ್ಸೆಲ್ ಅಂತ ಅಳೆದು, ಬೇಕಾದ ಅಳತೆಯನ್ನ ಅದರಿಂದ ಭಾಗಿಸಿ ನೂರರಿಂದ ಗುಣಿಸಿ. ಬಂದ ಅಂಕಿಯನ್ನ ಶೇಕಡಾ ಮನೆಯಲ್ಲಿ ಬರೀರಿ. ಮುಖ ತಾನಾಗಿ ಬಂದು ಎರಡು ಗೆರೆಯ ನಡುವೆ ಕೂರುತ್ತೆ.

ಇನ್ನೊಂದು ಗುಟ್ಟು. ಕುಗ್ಗಿಸಿ, ಸಾಲದು ಅಂತ ಹಿಗ್ಗಿಸಿ, ಮತ್ತೆ ಕುಗ್ಗಿಸಿ ಆಟ ಆಡಿದರೆ ಚಿತ್ರ ಹಳೇ ನೋಟಿನ ಹಾಗೆ ಸವೆದುಹೋಗುತ್ತೆ. ಮೊದಲೇ ಲೇಯರನ್ನ 'ಸ್ಮಾರ್ಟ್ ಆಬ್ಜೆಕ್ಟ್' ಮಾಡಿಕೊಂಡರೆ ಅದು ತನ್ನ ಮೂಲರೂಪವನ್ನ ನೆನಪಿಟ್ಟುಕೊಳ್ಳುತ್ತೆ. ಎಷ್ಟು ಸಲ ಬೇಕಾದರೂ ಅಳತೆ ಬದಲಾಯಿಸಿ, ಮೂಲದಷ್ಟಕ್ಕೆ ಮರಳಿ ಬರುತ್ತೆ. ಮೂಲವೇ ಕಡಲೆಕಾಳಿನಷ್ಟಿದ್ದರೆ? ಆಗ ಸ್ಮಾರ್ಟೂ ಇಲ್ಲ, ಆಬ್ಜೆಕ್ಟೂ ಇಲ್ಲ.

900!

ಹುಡುಗರ ಹತ್ತಿರ ಬರೋಣ. ನಾಲ್ವರೂ ಬೆಂಚಿನ ಮೇಲೆ ಸಾಲಾಗಿ ಕೂತು ನನ್ನ ಪರದೆ ನೋಡ್ತಿದ್ದರು.

10 ಅಡಿ ಅಂದರೆ 120 ಇಂಚು. ಬ್ಯಾನರಿಗೆ ಇಂಚಿಗೆ 72 ಪಿಕ್ಸೆಲ್ ಇಟ್ಟುಕೊಂಡೆ. ದೂರದಿಂದ ನೋಡೋದಕ್ಕೆ ಧಾರಾಳ ಸಾಕು. ಅಗಲ 8,640 ಪಿಕ್ಸೆಲ್, ಎತ್ತರ 5,184. ಮೇಲೆ ಅಪ್ಪು ನಗುಮುಖ. ಕೆಳಗೆ ಹುಡುಗರ ಸಾಲಿಗೆ ಕಣ್ಣಿಂದ ಗದ್ದಕ್ಕೆ 6 ಇಂಚು ಅಂತ ಗೊತ್ತು ಮಾಡಿದೆ. 432 ಪಿಕ್ಸೆಲ್.

ಕನ್ನಡಕದ ಹುಡುಗನ ಸೆಲ್ಫಿ ದೊಡ್ಡದಿತ್ತು, 864. ಶೇಕಡಾ 50ಕ್ಕೆ ಇಳಿಸಿದೆ, ಕೂತ. ಉದ್ದನೆಯವನದು 540. ಶೇಕಡಾ 80, ಕೂತ. ಅಣ್ಣತಮ್ಮಂದಿರಂಥವರೂ ಕೂತರು. ಗುಂಪು ಫೋಟೋ ತೆರೆದೆ. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋಗಿ ಸವೆದುಹೋಗಿತ್ತು. ಕಣ್ಣಿಂದ ಗದ್ದಕ್ಕೆ ಅಳೆದೆ.

48.

ಶೇಕಡಾ 900! ಒಂದು ಪಿಕ್ಸೆಲ್ ಇದ್ದ ಕಡೆ 81 ಆಗಬೇಕು. ಒಂದು ಲೋಟ ಮಜ್ಜಿಗೆಗೆ ಒಂದು ಕೊಡ ನೀರು ಬೆರೆಸಿದ ಹಾಗೆ. ಅಂಕಿ ಹಾಕಿ ಒತ್ತಿದೆ. ಅಳತೆ ಏನೋ ಸರಿಯಾಗಿ ಎರಡು ಗೆರೆಯ ನಡುವೆ ಕೂತಿತು. ಆದರೆ ಅವನು ಮಂಜಿನೊಳಗೆ ನಿಂತ ಹಾಗೆ ಕಂಡ. ನಾಲ್ಕು ಮುಖ ಕಣ್ಣಿಗೆ ಹೊಡೆಯುವಷ್ಟು ಚೊಕ್ಕ, ಐದನೆಯದು ಮಸುಕು ಮಸುಕು.

"ಚಿಕ್ಕದಾಯ್ತಲ್ಲಣ್ಣ?" ಅಂದ ಉದ್ದನೆ ಹುಡುಗ.

"ಇಲ್ಲಪ್ಪಾ, ಅಳತೆ ಒಂದೇ. ನೋಡು, ಗೆರೆ ನೋಡು."

"ಗೆರೆ ಸರಿ ಅದೆ. ಆದ್ರೂ ಚಿಕ್ಕದಾಗೇ ಕಾಣ್ತಾನೆ."

ಅವನು ಹೇಳಿದ್ದು ನಿಜ! ಇಷ್ಟು ವರ್ಷದ ಕಸುಬಿನಲ್ಲಿ ನನಗೆ ಹೊಳೆಯದ ಮಾತು ಅದು. ಚೊಕ್ಕವಾಗಿರೋದು ಕಣ್ಣಿಗೆ ಹತ್ತಿರ, ಮಸುಕಾಗಿರೋದು ದೂರ. ದೂರ ಇದ್ದದ್ದು ಚಿಕ್ಕದೇ. ಮೇಸ್ತ್ರಿ ಮುಖ ಅಳಿ ಅಂದಿದ್ದರು. ಅಳೆದಿದ್ದೆ. ಆದರೂ ಸಾಲಲಿಲ್ಲ.

ಹಾಗಾದರೆ ಯಂತ್ರದ ಮೊರೆ ಹೋಗೋಣ ಅಂತ, ಮಸುಕು ಫೋಟೋನ ಹೊಸದು ಮಾಡೋ ಒಂದು ಆಪಿಗೆ ಮುಖ ಹಾಕಿದೆ. ಅರ್ಧ ನಿಮಿಷದಲ್ಲಿ ಬಂತು ನೋಡಿ.... ಅಬ್ಬಾ! ಕಣ್ಣಲ್ಲಿ ಮಿಂಚು, ಕೆನ್ನೆ ಬೆಣ್ಣೆ, ಹಲ್ಲು ಮುತ್ತಿನ ಸಾಲು. ಹೀರೋ ಥರ ಇದ್ದ! ಹೆಮ್ಮೆಯಿಂದ ಪರದೆ ತಿರುಗಿಸಿ ತೋರಿಸಿದೆ.

"ಇವ್ನ್ಯಾವನಣ್ಣ?"

ನನ್ನ ಉತ್ಸಾಹ ಜರ್ರನೆ ಇಳಿಯಿತು. ಅಣ್ಣತಮ್ಮಂದಿರಂಥವರಲ್ಲಿ ಒಬ್ಬ ಎದ್ದು ಬಂದು ಬೆರಳಿಟ್ಟು ತೋರಿಸಿದ. "ಇಲ್ಲಿ, ಎಡಗಡೆ ಹುಬ್ಬಲ್ಲಿ ಗಾಯದ ಗುರ್ತಿತ್ತು. ಸಣ್ಣವನಿದ್ದಾಗ ಎತ್ತಿನ ಗಾಡಿಯಿಂದ ಬಿದ್ದಿದ್ದ. ಮುಂದಿನ ಹಲ್ಲು ಒಂದರ ಮೇಲೊಂದು ಇತ್ತು. ಇವನು ಅವನಲ್ಲ. ಅವರವ್ವ ನೋಡಿದ್ರೆ ಏನಂದುಕೊಳ್ತಾರೆ?"

ಮೂಲ ಫೋಟೋ ದೊಡ್ಡದು ಮಾಡಿ ನೋಡಿದೆ. ಹುಬ್ಬಿನ ನಡುವೆ ಎರಡೇ ಎರಡು ಪಿಕ್ಸೆಲ್ ಬಿಳಿಚಿಕೊಂಡಿದ್ದವು. ಅದೇ ಆ ಗಾಯ. ಯಂತ್ರ ಅದನ್ನ ತಪ್ಪು ಅಂತ ತಿಳಿದು ತುಂಬಿಬಿಟ್ಟಿತ್ತು. ಆ ಯಂತ್ರಕ್ಕೆ ಸಾವಿರಾರು ಮುಖ ಗೊತ್ತಿರಬಹುದು. ಈ ಹುಡುಗ ಗೊತ್ತಿರಲಿಲ್ಲ.

ಗಂಟೆ ಹನ್ನೊಂದಾಯ್ತು. ತಲೆ ಕೆರೆದುಕೊಂಡು ಎದ್ದು ನೀರು ಕುಡಿಯೋಕೆ ಹೋದೆ. ನನ್ನ ಅಂಗಡಿ ಅಟ್ಟದ ಮೇಲೆ ಹಳೇ ಸಿನಿಮಾ ಪತ್ರಿಕೆಗಳ ಒಂದು ಕಟ್ಟು ಇದೆ. ಶೆಡ್ಡು ಬಿಡುವಾಗ ಮೇಸ್ತ್ರಿ ಕೊಟ್ಟದ್ದು. ಅದರಲ್ಲಿ ಒಂದು ತೆಗೆದು ದೀಪದ ಕೆಳಗೆ ಹಿಡಿದೆ. ಎಂಬತ್ತರ ದಶಕದ ಕಪ್ಪು-ಬಿಳುಪು ಚಿತ್ರ. ಹತ್ತಿರದಿಂದ ನೋಡಿದರೆ ಬರೀ ಚುಕ್ಕಿ! ದೊಡ್ಡ ಚುಕ್ಕಿ, ಚಿಕ್ಕ ಚುಕ್ಕಿ, ಮತ್ತೇನೂ ಇಲ್ಲ. ತೋಳು ಚಾಚಿ ಹಿಡಿದರೆ ನಾಯಕ ನಗ್ತಾನೆ. ಆ ಪುಟದಲ್ಲಿ ನಾಯಕ, ಖಳನಾಯಕ, ಮೂಲೆಯಲ್ಲಿ ನಿಂತ ಲೈಟ್‌ಬಾಯ್, ಎಲ್ಲರೂ ಅದೇ ಚುಕ್ಕಿಯಲ್ಲಿ ಮಾಡಿದವರೇ.

ಹೊಳೆದೇಬಿಟ್ಟಿತು! ಅವನನ್ನ ಇವರ ಮಟ್ಟಕ್ಕೆ ಏರಿಸೋಕೆ ಆಗೋದಿಲ್ಲ. ಇವರನ್ನ ಅವನ ಮಟ್ಟಕ್ಕೆ ಇಳಿಸಬಹುದಲ್ಲ?

ಕನ್ನಡಕದ ಹುಡುಗ

ವಿಷಯ ಹೇಳಿದೆ. ಮೂವರು ತಲೆಯಾಡಿಸಿದರು. ಕನ್ನಡಕದವನು ಮಾತ್ರ ಎದ್ದು ನಿಂತ.

"ಅಲ್ಲಣ್ಣ, ಅರ್ಧ ದುಡ್ಡು ನಂದು. ಹೊಸ ಫೋನಲ್ಲಿ ತೆಗೆಸಿರೋ ಫೋಟೋ. ಅದನ್ನ ನೀನು ಕಪ್ಪು-ಬಿಳುಪು ಮಾಡಿ ಮಸುಕು ಮಾಡ್ತೀನಿ ಅಂತೀಯಲ್ಲ?"

ಅವನದೂ ತಪ್ಪಲ್ಲ. ನಮ್ಮ ಕಡೆ ಬ್ಯಾನರಿನ ಕಾನೂನೇ ಹಾಗೆ. ಹೆಚ್ಚು ಕೊಟ್ಟವನ ಮುಖ ದೊಡ್ಡದು, ಕಡಿಮೆ ಕೊಟ್ಟವನದು ಚಿಕ್ಕದು. ರೂಪಾಯಿಗೆ ಇಷ್ಟು ಇಂಚು ಅಂತ ನಾನೇ ಎಷ್ಟೋ ಸಲ ಅಳೆದು ಹಾಕಿದ್ದೇನೆ. ಮೂವರು ಅವನ ಮುಖವನ್ನೇ ನೋಡ್ತಿದ್ದರು. ಅವನು ಶಟರಿನ ಕೆಳಗೆ ಬಗ್ಗಿ ಹೊರಟುಹೋದ.

ಹೋದರೆ ಹೋಗಲಿ ಅಂತ ಕೆಲಸ ಶುರು ಮಾಡಿದೆ. ಕೇಳಿ, ಈ ಭಾಗ ನಿಮಗೂ ಉಪಯೋಗಕ್ಕೆ ಬರುತ್ತೆ. ಮುಖಗಳನ್ನ ಬೇರೆ ಕಡತಕ್ಕೆ ನಕಲು ಮಾಡಿಕೊಂಡೆ. ಒಂದೊಂದನ್ನೂ ಕಣ್ಣು-ಗದ್ದದ ಅಂತರ 48 ಪಿಕ್ಸೆಲ್ಲಿಗೆ ಬರೋ ಹಾಗೆ ಇಳಿಸಿದೆ. ಇಲ್ಲಿ ಮಾತ್ರ ಸ್ಮಾರ್ಟ್ ಆಬ್ಜೆಕ್ಟ್ ಕೂಡದು! ಅದು ಹಳೆಯ ಚೊಕ್ಕ ರೂಪ ನೆನಪಿಟ್ಟುಕೊಂಡಿರುತ್ತೆ, ಮತ್ತೆ ಎಳೆದ ಕೂಡಲೆ ಹೊರಗೆ ಬರುತ್ತೆ. ನಿಜವಾಗಿಯೂ ಮರೆತುಬಿಡಬೇಕು. ಮರೆತ ಮೇಲೆ ಎಲ್ಲ ಲೇಯರನ್ನೂ ಒಟ್ಟಿಗೆ ಆರಿಸಿ ಕಂಟ್ರೋಲ್-ಟಿ ಒತ್ತಿ ಶೇಕಡಾ 900. ಆಗಲೇ ಎಡವಟ್ಟು ಅಂದೆನಲ್ಲ, ಅದೇ ವಿದ್ಯೆ! ಈಗ ಎಲ್ಲರೂ ಮೊದಲೇ ಸಮ ಇದ್ದದ್ದರಿಂದ ಒಂದೇ ಮೂಟೆಯಾಗಿ ಹಿಗ್ಗಿದರೂ ಸಮವಾಗೇ ಉಳಿದರು. ಬಣ್ಣ ತೆಗೆದೆ. ಬೆಳಕು-ಕತ್ತಲು ಒಂದೇ ಹದಕ್ಕೆ ತಂದೆ. ಮೇಲೆ ಹಾಫ್‌ಟೋನ್ ಚುಕ್ಕಿ ಹಾಕಿದೆ, ಥೇಟ್ ಹಳೇ ಪತ್ರಿಕೆಯ ಹಾಗೆ.

ದೂರ ಸರಿದು ಶಟರಿನ ಹತ್ತಿರ ನಿಂತು ನೋಡಿದೆ. ಮೇಲೆ ಅಪ್ಪು ತುಂಬು ಬಣ್ಣದಲ್ಲಿ. ಕೆಳಗೆ ಸಾಲು ಮುಖ, ಚುಕ್ಕಿ ಚುಕ್ಕಿ. ಯಾರು ಇದ್ದಾರೆ, ಯಾರು ಹೋಗಿದ್ದಾರೆ ಅಂತ ಗೊತ್ತಾಗ್ತಿರಲಿಲ್ಲ.

ನನ್ನ ಬೆನ್ನ ಹಿಂದೆ ಯಾರೋ ಬಗ್ಗಿ ಒಳಗೆ ಬಂದರು. ಕನ್ನಡಕದ ಹುಡುಗ. ಎಷ್ಟು ಹೊತ್ತಿಂದ ಹೊರಗೆ ನಿಂತು ನೋಡ್ತಿದ್ದನೋ! ಹಣೆ ಮೇಲೆ ಕನ್ನಡಕ ಇರಲಿಲ್ಲ.

"ಅಣ್ಣ, ಇನ್ನೊಂದು ಫೋಟೋ ಕಳಿಸಿದೀನಿ ನೋಡು. ಕನ್ನಡಕ ಇಲ್ದಿರೋದು."

"ಯಾಕಪ್ಪಾ?"

"ನೀನೇ ಹೇಳಿದ್ಯಲ್ಲ, ಕಣ್ಣಿಂದ ಗದ್ದಕ್ಕೆ ಅಳೀಬೇಕು ಅಂತ. ಕಣ್ಣು ಕಾಣದೆ ಹೆಂಗೆ ಅಳೀತೀಯ?"

ಉಳಿದ ಮೂವರು ಅವನ ಬೆನ್ನ ಮೇಲೆ ಗುದ್ದಿದ ಸದ್ದು ರಸ್ತೆಗೆ ಕೇಳಿಸಿರಬೇಕು.

16ನೇ ತಾರೀಖು ರಾತ್ರಿ ಟಾಕೀಸಿನ ಎದುರು ಕಟ್ಟಿದರು. ಪ್ಲಾಸ್ಟಿಕ್ ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದಿದೆ. ಆದರೂ ಕಟ್ಟಿದರು, ನಾನೂ ಮಾಡಿಕೊಟ್ಟೆ, ನಿಮ್ಮ ಹತ್ತಿರ ಸುಳ್ಳು ಹೇಳಲಾರೆ. ಕಟ್ಟುವಾಗ ನಾನೂ ಹೋಗಿ ನಿಂತಿದ್ದೆ, ಎತ್ತರ ಇನ್ನೆರಡಡಿ ಬೇಕು ಅಂತ ಅವರು ಕೂಗಾಡ್ತಿದ್ದದ್ದನ್ನ ನಗುತ್ತಾ ನೋಡ್ತಿದ್ದೆ. ಈಗಾದರೆ ನಗೋದಿಲ್ಲ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿ ಗ್ರಾಮದಲ್ಲಿ ನಟ ಯಶ್ ಹುಟ್ಟುಹಬ್ಬಕ್ಕೆ ಕಟೌಟು ನಿಲ್ಲಿಸುವಾಗ ವಿದ್ಯುತ್ ತಗುಲಿ 3 ಜನ ಹುಡುಗರು ಸತ್ತರು. ಅವತ್ತಿನಿಂದ ಅಂಗಡಿಗೆ ಬಂದವರಿಗೆ ಅಳತೆ ಕೇಳೋಕೆ ಮುಂಚೆ ನಾನು ಕೇಳೋ ಪ್ರಶ್ನೆ ಒಂದೇ: ಎಲ್ಲಿ ಕಟ್ತೀರಿ, ಮೇಲೆ ಲೈನ್ ಹೋಗಿದೆಯಾ? ಸರಿಯಾಗಿ ಉತ್ತರ ಕೊಡದವರಿಗೆ ಮಾಡಿಕೊಡೋದಿಲ್ಲ.

17ರ ಬೆಳಿಗ್ಗೆ 'ಜೇಮ್ಸ್' ಬಂತು. ಅಪ್ಪು ಡಬ್ಬಿಂಗ್ ಮುಗಿಸುವ ಮೊದಲೇ ಹೋಗಿದ್ದರಿಂದ ಆಗ ಅವರ ಪಾತ್ರಕ್ಕೆ ಅಣ್ಣ ಶಿವಣ್ಣ ದನಿ ಕೊಟ್ಟಿದ್ದರು. ತೆರೆಯ ಮೇಲೆ ತಮ್ಮನ ಮುಖ, ಕಿವಿಗೆ ಅಣ್ಣನ ದನಿ. ಟಾಕೀಸು ಕೂಗಿ ಕೂಗಿ ಆಮೇಲೆ ಒಂದು ಗಳಿಗೆ ಸುಮ್ಮನಾಯ್ತು. ನಮ್ಮ ಹುಡುಗರು ಎಲ್ಲಿ ಕೂತಿದ್ದರೋ ಆ ಜನದಲ್ಲಿ ನನಗೆ ಕಾಣಲಿಲ್ಲ.

ಮೂರು ದಿನ ಆದ ಮೇಲೆ ಉದ್ದನೆ ಹುಡುಗ ಬಾಕಿ ದುಡ್ಡು ಕೊಡೋಕೆ ಬಂದ. ಅವರವ್ವ ಸಂತೆಗೆ ಬಂದವರು ಬ್ಯಾನರು ನೋಡೋಕೆ ಹೋಗಿದ್ದರಂತೆ.

"ಏನಂದ್ರಪ್ಪಾ?"

"ಏನೂ ಅನ್ನಲಿಲ್ಲ. ಬಾಳಾ ಹೊತ್ತು ನೋಡಿದ್ರು. ಆಮೇಲೆ, ಹುಬ್ಬಿನ ಗಾಯ ಕಾಣ್ತದಲ್ಲೋ ಅಂದ್ರು."

ಆ ವರ್ಷ ಮಳೆಗಾಲದಲ್ಲಿ ಒಂದು ದಿನ ಕೊಪ್ಪದ ಕಡೆ ಸ್ಕೂಟರಿನಲ್ಲಿ ಹೋಗ್ತಿದ್ದೆ. ಕಟ್ಟಿದ ಬ್ಯಾನರಿಗೆ ಕೊನೆಗೆ ಏನು ಗತಿ ಅಂತ ನಿಮಗೇ ಗೊತ್ತು. ದಾರಿ ಪಕ್ಕದ ಕಣದಲ್ಲಿ ಹುಲ್ಲಿನ ಮೆದೆ ಮೇಲೆ ನಮ್ಮ ಬ್ಯಾನರು ಹೊದಿಸಿದ್ದರು. ಅಪ್ಪು ಮೆದೆಯ ನೆತ್ತಿ ಮೇಲೆ ಆಕಾಶ ನೋಡ್ತಿದ್ದರು. ಕೆಳಗಿನ ಸಾಲು ನನ್ನ ಎದೆಮಟ್ಟಕ್ಕೆ ಇಳಿದಿತ್ತು. ಬಿಸಿಲು ಮಳೆಗೆ ಬಣ್ಣ ಮಂಕಾಗಿದ್ದರೂ ಚುಕ್ಕಿ ಹೋಗಿರಲಿಲ್ಲ. ಗಾಡಿ ನಿಲ್ಲಿಸಿ ಇಳಿದೆ. ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಒಂದೊಂದು ಮುಖಕ್ಕೂ ಕಣ್ಣಿಂದ ಗದ್ದಕ್ಕೆ ಗೇಣು ಹಾಕಿದೆ.

ಮುಕ್ಕಾಲು ಗೇಣು. ಐದೂ.